ಸೇವಂತಿಗೆ ಕಲಿಯಲು ಹೋಗಿ ಬುತ್ತಿ ಕಟ್ಟಿದೆ

ಹೆಸರಘಟ್ಟ

ಜಪಾನಿಗೆ ಹೋಗಿ ಬಂದವರೆಲ್ಲ ಅಲ್ಲಿನ ವೇಗದ ರೈಲಿನ ಬಗ್ಗೆ ಬರೆಯುತ್ತಾರೆ. ನಾನೂ ಆ ರೈಲು ಹತ್ತಿದ್ದೇನೆ. ಹತ್ತಿ ಸ್ವಲ್ಪ ಹೊತ್ತಿಗೇ ನಿದ್ದೆ ಹೋದದ್ದರಿಂದ ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ನಾಲ್ಕು ತಿಂಗಳಲ್ಲಿ ನಾನು ಕಣ್ಣು ಬಿಟ್ಟು ನೋಡಿದ್ದು ಒಂದು ಅಡುಗೆಮನೆ, ಒಂದು ಹೂವಿನ ತೋಟ ಮತ್ತು ಎರಡು ಊಟದ ಡಬ್ಬಿ.

ಎಂಬತ್ತರ ದಶಕದ ಆರಂಭದ ಮಾತು. ಹೆಸರಘಟ್ಟದ ಒಂದು ಹೂವಿನ ತೋಟದಲ್ಲಿ ನಾನು ತಾತ್ಕಾಲಿಕ ಸಹಾಯಕಿಯಾಗಿದ್ದೆ. ತಾತ್ಕಾಲಿಕವಾಗಿಯೇ ಏಳು ವರ್ಷ ಕಳೆದಿತ್ತು. ದಿನಾ ಬೆಳಿಗ್ಗೆ ಯಶವಂತಪುರದಲ್ಲಿ ಬಸ್ಸಿಗೆ ನೇತುಬಿದ್ದು, ಸಂಜೆ ಅದೇ ಬಸ್ಸಿನಲ್ಲಿ ಸೀರೆಯಂಚಿನ ಮಣ್ಣು ಕೊಡವುತ್ತಾ ಮನೆ ಸೇರುತ್ತಿದ್ದೆ. ಹಾಗಿರುವಾಗ ನಮ್ಮ ತೋಟದಿಂದ ಇಬ್ಬರು ಜಪಾನಿಗೆ ಹೋಗಿ ಸೇವಂತಿಗೆ ಬೆಳೆಸುವುದನ್ನು ಕಲಿತು ಬರಬೇಕೆಂದು ಆದೇಶ ಬಂತು. ಒಬ್ಬರು ನಮ್ಮ ಮೇಲಧಿಕಾರಿ ಕಮಲಾ ಮೇಡಂ. ಗದಗಿನ ಕಡೆಯವರು, ಐವತ್ತರ ಹತ್ತಿರದವರು, ಮದುವೆಯಾಗಿರಲಿಲ್ಲ, ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಸಿಟ್ಟು ಬಂದರೆ ಗುಲಾಬಿ ಗಿಡವೂ ನೆಟ್ಟಗೆ ನಿಲ್ಲುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಇನ್ನೊಬ್ಬರನ್ನು ಅವರೇ ಆರಿಸಬೇಕಿತ್ತು. ತೋಟದಲ್ಲಿ ಖಾಲಿ ಇದ್ದದ್ದು ಒಂದೇ ಕಾಯಂ ಹುದ್ದೆ. ಜಪಾನಿಗೆ ಹೋಗಿ ಬಂದವಳಿಗೆ, ಮೇಡಂ ಒಳ್ಳೆಯ ವರದಿ ಬರೆದರೆ, ಆ ಹುದ್ದೆ ಸಿಗುವುದಿತ್ತು.

ಮೇಡಂ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದರು. ನನ್ನ ಸರದಿ ಬಂದಾಗ ಕಸಿ ಕಟ್ಟುವುದರ ಬಗ್ಗೆ ಕೇಳಿದರು, ಹೇಳಿದೆ. ಕೀಟದ ಬಗ್ಗೆ ಕೇಳಿದರು, ತಡವರಿಸಿದೆ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

"ಸರೋಜಾ, ಅಡಗಿ ಬರತೈತೇನು ನಿನಗ?"

"ಬರುತ್ತೆ ಮೇಡಂ, ಎಲ್ಲಾ ಬರುತ್ತೆ" ಎಂದೆ.

ಈ ಉತ್ತರದ ಬಗ್ಗೆ ಸ್ವಲ್ಪ ವಿವರಣೆ ಬೇಕು. ನನಗೆ ಆಗ ಇಪ್ಪತ್ತೊಂಬತ್ತು. ಅಲ್ಲಿಯವರೆಗೆ ಹದಿನಾಲ್ಕು ಗಂಡಿನ ಕಡೆಯವರು ನಮ್ಮ ಮನೆಯ ಚಾಪೆಯ ಮೇಲೆ ಕೂತು ಹೋಗಿದ್ದರು. ಪ್ರತಿ ಸಲವೂ ಅಮ್ಮ ಮಾಡಿದ ಉಪ್ಪಿಟ್ಟು ಕೇಸರಿಬಾತನ್ನು ನಾನು ತಂದಿಡುವುದು, "ಎಲ್ಲಾ ನಮ್ಮ ಹುಡುಗೀನೇ ಮಾಡಿದ್ದು" ಎಂದು ಅಮ್ಮ ಹೇಳುವುದು, "ಅಡುಗೆ ಚೆನ್ನಾಗಿ ಬರುತ್ತೇನಮ್ಮಾ?" ಎಂದು ಅವರು ಕೇಳುವುದು, "ಬರುತ್ತೆ" ಎಂದು ನಾನು ನೆಲ ನೋಡುವುದು ನಡೆದುಕೊಂಡು ಬಂದಿತ್ತು. ಅಮ್ಮ ನನ್ನನ್ನು ಒಲೆಯ ಹತ್ತಿರ ಬಿಟ್ಟವಳೇ ಅಲ್ಲ. ನಾನು ಹೋದರೆ ಅವಳ ಕೆಲಸ ಕೆಡುತ್ತಿತ್ತು. ಹೀಗಾಗಿ ಆ ಪ್ರಶ್ನೆ ಎಲ್ಲಿ ಕೇಳಿದರೂ ಆ ಉತ್ತರ ತಾನಾಗಿ ಬಾಯಿಂದ ಬೀಳುತ್ತಿತ್ತು. ಮೇಡಂ ಮುಂದೆಯೂ ನಾನು ನೆಲ ನೋಡಿಯೇ ಹೇಳಿದೆ.

ನನ್ನ ನಂತರ ಒಳಗೆ ಹೋದವಳು ಚಿಕ್ಕಬಾಣಾವರದ ನಾಗರತ್ನ. ನನಗಿಂತ ಮೂರು ವರ್ಷ ಚಿಕ್ಕವಳು. ಅವಳ ಕೈಯಲ್ಲಿ ಒಣಗಿದ ಕಡ್ಡಿಯೂ ಚಿಗುರುತ್ತಿತ್ತು. ಹೊರಗೆ ಬಂದು ನಕ್ಕಳು.

"ಏನೇನೋ ಕೇಳುದ್ರು ಅಕ್ಕ. ಅಡುಗೆ ಬರ್ತದಾ ಅಂದ್ರು. ಅನ್ನ ಸಾರು ಮಾತ್ರ ಬರ್ತದೆ ಅಂದೆ."

ಮರುದಿನ ಫಲಕದ ಮೇಲೆ ನನ್ನ ಹೆಸರಿತ್ತು. ಕಸಿಯ ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದೆ ಎಂದು ನಾನು ಹೆಮ್ಮೆಪಟ್ಟೆ. ನಾಗರತ್ನ ತೋಟದ ಕನಕಾಂಬರ ಕಟ್ಟಿ ನನ್ನ ಮುಡಿಗೆ ಇಟ್ಟು ಬೀಳ್ಕೊಟ್ಟಳು.

ಟೋಕಿಯೋ, ತಪಾಸಣೆಯ ಕಟ್ಟೆ

ನನ್ನ ಪೆಟ್ಟಿಗೆಯಲ್ಲಿ ಆರು ಸೀರೆ, ಅಮ್ಮನ ನಿಂಬೆಕಾಯಿ ಉಪ್ಪಿನಕಾಯಿ, ಸಾರಿನ ಪುಡಿ. ಸಾರಿನ ಪುಡಿಯನ್ನು ಏನು ಮಾಡಬೇಕೆಂದು ಅಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. "ಬೇಳೆ ಹದವಾಗಿ ಬೇಯಿಸಿ, ಹುಳಿ ಹದವಾಗಿ ಹಾಕಿ, ಹದವಾಗಿ ಕುದಿಸು." ಹದ ಎಂದರೆ ಎಷ್ಟು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಮೇಡಂ ಪೆಟ್ಟಿಗೆಯಲ್ಲಿ ಎರಡು ಸೀರೆ, ಉಳಿದದ್ದೆಲ್ಲ ರೊಟ್ಟಿ. ಅವರ ಅತ್ತಿಗೆ, ಅವರ ಮಾತಿನಲ್ಲಿ ವೈನಿ, ಬಡಿದು ಒಣಗಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟ ಖಡಕ್ ಜೋಳದ ರೊಟ್ಟಿ. ಜೊತೆಗೆ ಶೇಂಗಾ ಚಟ್ನಿಪುಡಿಯ ಡಬ್ಬಿಗಳು. ಬಿಳಿ ಕೈಗವಸು ತೊಟ್ಟ ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ. ಬೆರಳಿನಿಂದ ಬಡಿದ. ಠಣ್ಣೆಂದಿತು. ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ಇಬ್ಬರೂ ಗಂಭೀರವಾಗಿ ಮಾತಾಡಿಕೊಂಡರು. ಮೇಡಂಗೆ ತಾಳ್ಮೆ ಮುಗಿಯಿತು. ಒಂದು ರೊಟ್ಟಿ ಮುರಿದು, ಚಟ್ನಿಪುಡಿ ಅದ್ದಿ, ಅವರ ಮುಂದೆಯೇ ಕರುಮ್ಮೆಂದು ಕಡಿದು ತಿಂದರು.

"ಊಟ. ಈಟಿಂಗ್. ತಿಳೀತೇನಪಾ?"

ಅಧಿಕಾರಿಗಳು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಗೌರವವೋ, ಮೇಡಂ ಹಲ್ಲಿನ ಭಯವೋ ಗೊತ್ತಾಗಲಿಲ್ಲ.

ಮೋರಿ ಅಜ್ಜಿಯ ಮನೆ

ತರಬೇತಿ ಕೇಂದ್ರವಿದ್ದ ಊರು ಟೋಕಿಯೋದಿಂದ ಮೂರು ಗಂಟೆಯ ದಾರಿ. ನಮಗೆ ಒಂದು ಹಳೆಯ ಮನೆಯ ಮಹಡಿಯ ಕೋಣೆ ಕೊಟ್ಟಿದ್ದರು. ಕೆಳಗೆ ಮನೆಯೊಡತಿ ಮೋರಿ ಅಜ್ಜಿ. ಎಪ್ಪತ್ತರ ಹತ್ತಿರ ವಯಸ್ಸು, ನನ್ನ ಭುಜದಷ್ಟು ಎತ್ತರ, ಇಡೀ ದಿನ ಬಿಳಿ ಏಪ್ರನ್. ಅವರ ತೀರಿಹೋದ ಗಂಡ ರೈಲ್ವೆಯಲ್ಲಿದ್ದರಂತೆ. ನಮಗೆ ಅವರ ಭಾಷೆ ಬಾರದು, ಅವರಿಗೆ ನಮ್ಮದು ಬಾರದು. ಕೇಂದ್ರದ ದುಭಾಷಿ ಮನೆಗೆ ಬರುತ್ತಿದ್ದದ್ದು ಯಾವಾಗಲಾದರೊಮ್ಮೆ. ಮೇಡಂ ಗದಗಿನ ಕನ್ನಡದಲ್ಲೇ ಅವರ ಜೊತೆ ಮಾತಾಡುತ್ತಿದ್ದರು. ಅಜ್ಜಿ ತಮ್ಮದರಲ್ಲಿ ಉತ್ತರಿಸುತ್ತಿದ್ದರು. ಇಬ್ಬರಿಗೂ ತೃಪ್ತಿಯಾಗುತ್ತಿತ್ತು.

ಮೊದಲ ದಿನವೇ ಮೇಡಂ ವ್ಯವಸ್ಥೆ ಹೇಳಿಬಿಟ್ಟರು. "ಅಡಗಿ ನಿಂದು. ಭಾಂಡೆ ತೊಳೆಯೂದು ನಂದು. ಮಧ್ಯಾಹ್ನದ ಊಟ ಇಬ್ಬರಿಗೂ ನೀನ ಕಟ್ಟಿಕೊಂಡು ಬರಬೇಕು. ಇಲ್ಲಿ ಕ್ಯಾಂಟೀನಿನಾಗ ಎಲ್ಲಾದ್ರಾಗೂ ಮೀನ ಇರತಾವಂತ."

"ಆಗ್ಲಿ ಮೇಡಂ. ರೊಟ್ಟಿ ಇರೋವರ್ಗೂ ರೊಟ್ಟಿ ತಿನ್ನೋಣ. ಮನೆಯಿಂದ ಅಷ್ಟು ಪ್ರೀತಿಯಿಂದ ಕಳ್ಸಿದ್ದಾರೆ" ಎಂದೆ.

ಹೀಗೆ ಮೊದಲ ಮೂರು ವಾರ ನನ್ನ ನೌಕರಿಯನ್ನು ಕಾಪಾಡಿದ್ದು ಗದಗಿನ ಜೋಳ. ರೊಟ್ಟಿ ಮುರಿಯುವುದು, ಚಟ್ನಿಪುಡಿ ಸುರಿಯುವುದು, ಅಂಗಡಿಯ ಸೌತೆಕಾಯಿ ಹೆಚ್ಚುವುದು ಇಷ್ಟೇ ನನ್ನ ಅಡುಗೆ. ಆಮೇಲೆ ಆ ದೇಶದ ಮಳೆಗಾಲ ಹಿಡಿಯಿತು. ಗೋಡೆಯೂ ಬೆವರುವಂಥ ಮಳೆಗಾಲ. ಒಂದು ಬೆಳಿಗ್ಗೆ ಬಟ್ಟೆಯ ಗಂಟು ಬಿಚ್ಚಿದರೆ ರೊಟ್ಟಿಗಳು ಮೆತ್ತಗಾಗಿ, ಮೈತುಂಬ ಹಸಿರು ಬೂಷ್ಟು ಹೊದ್ದು ಕೂತಿದ್ದವು. ಮೇಡಂ ಒಂದನ್ನು ಎತ್ತಿ ಮೂಸಿ ನೋಡಿದರು. "ನಮ್ಮ ವೈನಿ ನೋಡಿದ್ರ ಅತ್ತಬಿಡತಿದ್ಲು" ಎಂದರು. ನನಗೂ ಅಳು ಬಂತು, ನನ್ನ ಕಾರಣ ಬೇರೆ.

ಮರುದಿನ ಬೆಳಗಿನ ಜಾವ ಕೆಳಗಿನ ಅಡುಗೆಮನೆಗೆ ಇಳಿದು, ಅಮ್ಮನ ಚೀಟಿ ಗೋಡೆಗೆ ಅಂಟಿಸಿ, ಅನ್ನಕ್ಕೆ ಇಟ್ಟೆ. ಅರ್ಧ ಗಂಟೆಯಲ್ಲಿ ಕೆಳಗೆ ಕರಿ, ಮೇಲೆ ಅಕ್ಕಿ, ನಡುವೆ ಗಂಜಿ. ಒಂದೇ ಪಾತ್ರೆಯಲ್ಲಿ ಮೂರು ಬಗೆ. ವಾಸನೆ ಹಿಡಿದು ಅಜ್ಜಿ ಬಂದರು. ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. ಹದಿನಾಲ್ಕು ಗಂಡಿನ ಕಡೆಯವರಿಗೆ ತಿಳಿಯದ್ದು ಆ ಮುದುಕಿಗೆ ಒಂದೇ ನೋಟದಲ್ಲಿ ತಿಳಿಯಿತು. ನಾನು ಮಹಡಿಯ ಕಡೆ ಬೆರಳು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಕೈಮುಗಿದೆ. ಅಜ್ಜಿ ಏಪ್ರನ್ನಿನ ದಾರ ಬಿಗಿದುಕೊಂಡು, ನನ್ನನ್ನು ಪಕ್ಕಕ್ಕೆ ತಳ್ಳಿ, ಅಕ್ಕಿಯನ್ನು ಹೊಸದಾಗಿ ಅಳೆದರು.

ಅಂದಿನಿಂದ ದಿನಾ ಐದು ಗಂಟೆಗೆ ಪಾಠ. ಮೀನು ಮಾಂಸ ಮೊಟ್ಟೆ ಬೇಡ ಎಂಬುದನ್ನು ನಾನು ಅಭಿನಯಿಸಿ ತೋರಿಸಿದ್ದೆ. ಕೋಳಿಯ ಅಭಿನಯವನ್ನು ಅಜ್ಜಿ ಇನ್ನೊಮ್ಮೆ ಮಾಡಿಸಿದರು, ಅರ್ಥವಾಗದೆ ಅಲ್ಲ. ಅವರ ಊರಿನ ದೇವಸ್ಥಾನದ ಸನ್ಯಾಸಿಗಳೂ ನಮ್ಮ ಹಾಗೆಯೇ ಉಣ್ಣುತ್ತಾರಂತೆ. ಆದ್ದರಿಂದ ಅಣಬೆ ಮತ್ತು ಸಮುದ್ರದ ಪಾಚಿ ನೆನೆಸಿದ ನೀರಿನಲ್ಲಿ ಕುಂಬಳಕಾಯಿ ಬೇಯಿಸುವುದು, ಹುರುಳಿಕಾಯಿಗೆ ಹುರಿದ ಎಳ್ಳು ಅರೆದು ಹಚ್ಚುವುದು, ಮೂಲಂಗಿಯ ಉಪ್ಪಿನಕಾಯಿ. ಅಜ್ಜಿ ಜಪಾನಿಯಲ್ಲಿ ಬೈಯುತ್ತಿದ್ದರು, ನನಗೆ ಕನ್ನಡದಲ್ಲೇ ಕೇಳಿಸುತ್ತಿತ್ತು. ಹದ ಎಂಬ ಮಾತನ್ನು ಅವರೂ ಹೇಳಲಿಲ್ಲ. ನನ್ನ ಕೈ ಹಿಡಿದು ಪಾತ್ರೆಯ ಮೇಲೆ ನಿಲ್ಲಿಸಿ, ಸಾಕು ಎನ್ನುವಾಗ ಮಣಿಕಟ್ಟಿಗೆ ಪಟ್ಟೆಂದು ಹೊಡೆಯುತ್ತಿದ್ದರು.

ಅವರ ಡಬ್ಬಿಗೆ ಬೆಂತೋ ಎನ್ನುತ್ತಾರೆ. ನಮ್ಮ ಕ್ಯಾರಿಯರಿನಂತೆ ಮಹಡಿ ಮೇಲೆ ಮಹಡಿ ಇಲ್ಲ, ಒಂದೇ ಅಂತಸ್ತು. ಅರ್ಧ ಅನ್ನ, ಉಳಿದರ್ಧದಲ್ಲಿ ಪಲ್ಯಗಳು, ಅನ್ನದ ನಡುವೆ ಕುಂಕುಮದ ಬೊಟ್ಟಿನಂತೆ ಒಂದು ಹುಳಿ ಹಣ್ಣು. ನಾವು ಬಿಸಿ ಬಿಸಿಯಾಗಿ ತುಂಬಿ ಮುಚ್ಚುತ್ತೇವೆ. ಅಜ್ಜಿ ಅನ್ನಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿದ ಮೇಲೆಯೇ ಮುಚ್ಚಳ. ನಮ್ಮ ಮನೆಯಲ್ಲಿ ಬೀಸಣಿಗೆ ಹಾಕಿಸಿಕೊಳ್ಳುತ್ತಿದ್ದದ್ದು ಅಳಿಯಂದಿರು ಮಾತ್ರ. ಇನ್ನೊಂದು ಕಟ್ಟುನಿಟ್ಟು, ಡಬ್ಬಿಯಲ್ಲಿ ಚೂರೂ ಸಂದಿ ಇರಕೂಡದು, ಸೈಕಲ್ಲಿನಲ್ಲಿ ಅಲುಗಾಡಿದರೂ ಒಂದು ಕಾಳು ಜರುಗಕೂಡದು. ಇದು ಮಾತ್ರ ನನಗೆ ಬೇಗ ಬಂತು. ಯಶವಂತಪುರದ ಬಸ್ಸಿನಲ್ಲಿ ಏಳು ವರ್ಷ ಓಡಾಡಿದವಳಿಗೆ ತುಂಬುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಕೊನೆಗೆ ಚೌಕ ಬಟ್ಟೆಯ ನಡುವೆ ಡಬ್ಬಿಯಿಟ್ಟು ನಾಲ್ಕು ಮೂಲೆ ಸೇರಿಸಿ ಗಂಟು. ಮೊದಲ ದಿನ ಆ ಗಂಟು ನೋಡಿ ಮೇಡಂ ಮುಖ ಅರಳಿತು. "ಏ, ಇದು ನಮ್ಮ ಬುತ್ತಿ ಗಂಟ ಅಲ್ಲೇನ!"

ಗಾಜಿನ ಮನೆ

ಹೂವಿನ ತೋಟ ಗಾಜಿನ ಮನೆಯೊಳಗೆ. ಅಲ್ಲಿ ಇಪ್ಪತ್ತು ಜನ ಹೆಂಗಸರು. ಹನ್ನೆರಡಕ್ಕೆ ಗಂಟೆ ಬಾರಿಸಿದರೆ ಎಲ್ಲರೂ ಒಟ್ಟಿಗೆ ಗಂಟು ಬಿಚ್ಚಿ, ಕೈಜೋಡಿಸಿ ಒಂದು ಮಾತು ಹೇಳಿ ಉಣ್ಣಲು ಶುರು. ಆಮೇಲೆ ಪಕ್ಕದ ಡಬ್ಬಿಯೊಳಗೆ ಇಣುಕುವುದು. ಈ ವಿಷಯದಲ್ಲಿ ನಮ್ಮ ತೋಟಕ್ಕೂ ಅವರ ತೋಟಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಮೇಡಂ ಮೊದಲ ಸಲ ಅನ್ನದ ಮೇಲಿದ್ದ ಕಪ್ಪು ಹಾಳೆ ಎತ್ತಿ ನೋಡಿದರು. "ಇದೇನ, ಕಾರ್ಬನ್ ಪೇಪರ್ ಐತಿ?"

"ಸಮುದ್ರದ ಸೊಪ್ಪು ಮೇಡಂ. ಆರೋಗ್ಯಕ್ಕೆ ಒಳ್ಳೇದು."

"ನೀ ಸಾರು ಪಲ್ಯ ಯಾಕ ಮಾಡೂದಿಲ್ಲ?"

"ಇಲ್ಲಿ ಬೇಳೆ ನೀರು ಎಲ್ಲಾ ಬೇರೆ ಅಲ್ವಾ ಮೇಡಂ. ನಮ್ಮ ಸಾರು ಸರಿ ಹೋಗಲ್ಲ. ಬಂದ ಊರಿನ ಥರಾನೇ ತಿಂದ್ರೆ ಹೊಟ್ಟೆಗೂ ಒಳ್ಳೇದು."

"ಹೌದ ಹೌದ. ನೀರಿಂದೇ ಎಲ್ಲಾ" ಎಂದು ಮೇಡಂ ತಕ್ಷಣ ಒಪ್ಪಿಬಿಟ್ಟರು. ಬೇರೆ ಯಾವ ವಿಷಯದಲ್ಲೂ ಅವರು ಅಷ್ಟು ಸುಲಭವಾಗಿ ಒಪ್ಪಿದವರಲ್ಲ. ನನಗೆ ಆಗ ಅನುಮಾನ ಬರಬೇಕಿತ್ತು. ಒಂದು ಭಾನುವಾರ ಅಜ್ಜಿ ಅವರ ಕೈಗೆ ಮೂಲಂಗಿ ಕೊಟ್ಟಾಗ ಮೇಡಂ ಕಸಿಚಾಕು ತೆಗೆದು, ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ಇನ್ನೊಂದಕ್ಕೆ ಜೋಡಿಸುವವರಂತೆ ಹಿಡಿದು ನಿಂತಿದ್ದರು. ಅಧಿಕಾರಿ ಅಲ್ಲವೇ, ತಮಾಷೆ ಮಾಡುತ್ತಿದ್ದಾರೆ ಎಂದು ನಾನು ನಕ್ಕೆ.

ನನ್ನ ಒಂದು ಪ್ರಮಾದವನ್ನೂ ಇಲ್ಲಿ ಹೇಳಬೇಕು. ಮೊದಲ ಸೇವಂತಿಗೆ ಅರಳಿದ ದಿನ ಆಸೆ ತಡೆಯದೆ ಒಂದು ಬಿಳಿ ಹೂ ಕಿತ್ತು ಮುಡಿದುಕೊಂಡೆ. ಇಪ್ಪತ್ತು ಜನರೂ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. ಒಬ್ಬಾಕೆ ಹತ್ತಿರ ಬಂದು ನನ್ನ ಕೈ ಸವರಿ ಕಣ್ಣು ತುಂಬಿಕೊಂಡಳು. ಆಮೇಲೆ ದುಭಾಷಿ ಹೇಳಿದ, ಅಲ್ಲಿ ಬಿಳಿ ಸೇವಂತಿಗೆ ಹೋದವರ ಹೂವಂತೆ. ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡಿದ್ದಾರೆ. ಯಾರೂ ಸತ್ತಿಲ್ಲ, ನಮ್ಮೂರಲ್ಲಿ ಚೆನ್ನಾಗಿ ಕಾಣಲಿ ಅಂತ ಮುಡಿಯುತ್ತೇವೆ ಎಂದು ಹೇಳಿಸಿದೆ. ಅವರು ಇನ್ನಷ್ಟು ಕನಿಕರದಿಂದ ನೋಡಿದರು.

ದಿನಗಳು ಕಳೆದವು. ಡಬ್ಬಿ ಚೆನ್ನಾಗಿ ಬರತೊಡಗಿತು. ಮೇಡಂ ಮೈಕೈ ತುಂಬಿಕೊಂಡರು, ಊಟದ ಹೊತ್ತಿಗೆ ಅವರ ಸಿಟ್ಟೂ ಇಳಿಯುತ್ತಿತ್ತು. ಒಂದು ದಿನ ನನ್ನ ಡಬ್ಬಿಗಿಂತ ಅವರದ್ದರಲ್ಲಿ ಒಂದು ತುಂಡು ಕುಂಬಳಕಾಯಿ ಹೆಚ್ಚಿರುವುದನ್ನು ಕಂಡು, ಅದನ್ನು ಎತ್ತಿ ನನ್ನ ಡಬ್ಬಿಗೆ ಹಾಕಿದರು. ಎಂಜಲಿನ ವಿಚಾರ ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಕಾಯಂ ಹುದ್ದೆಗಾಗಿ ಕಟ್ಟಲು ಶುರುಮಾಡಿದ ಬುತ್ತಿಯನ್ನು ಯಾವಾಗಿನಿಂದ ಪ್ರೀತಿಯಿಂದ ಕಟ್ಟತೊಡಗಿದೆ ಎಂದು ನನಗೇ ಗೊತ್ತಿಲ್ಲ.

ಕಪ್ಪು ಬಟ್ಟೆಯ ಒಳಗೆ

ಹೊರಡಲು ಒಂದು ವಾರವಿತ್ತು. ಕೇಂದ್ರದ ಮುಖ್ಯಸ್ಥರು ಬಂದು ಬಗ್ಗಿ ನಿಂತು ಏನೋ ಕೇಳಿಕೊಂಡರು. ದುಭಾಷಿ ನಗುತ್ತಾ ಹೇಳಿದ. ಸರೋಜಾ ಅವರಂಥ ಅಡುಗೆಯವರು ಬೆಂಗಳೂರಲ್ಲೇ ಇಲ್ಲ ಎಂದು ಮೇಡಂ ಎಲ್ಲರಿಗೂ ಹೇಳಿದ್ದಾರೆ. ಆದ್ದರಿಂದ ಶನಿವಾರ ಮಧ್ಯಾಹ್ನ ಇಡೀ ಕೇಂದ್ರಕ್ಕೆ ನಿಮ್ಮ ಊರಿನ ಊಟವನ್ನು ನಿಮ್ಮ ಕೈಯಾರೆ ಉಣಿಸಬೇಕು.

ಮೇಡಂ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. ನಾನು ಅಮ್ಮನ ಚೀಟಿಯನ್ನು ನೆನೆಸಿಕೊಂಡೆ. ಮೂರು ಹದಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಸೇವಂತಿಗೆಗೆ ಅಲ್ಲಿ ಒಂದು ಮೋಸ ಮಾಡುತ್ತಾರೆ. ದಿನ ಚಿಕ್ಕದಾದರೆ ಮಾತ್ರ ಅದು ಮೊಗ್ಗು ಬಿಡುವ ಗಿಡ. ಆದ್ದರಿಂದ ಬೇಸಿಗೆಯಲ್ಲಿ, ಇನ್ನೂ ಬಿಸಿಲಿರುವಾಗಲೇ ಸಾಲುಗಳ ಮೇಲೆ ದಪ್ಪ ಕಪ್ಪು ಬಟ್ಟೆ ಎಳೆದು, ರಾತ್ರಿಯಾಯಿತು ಎಂದು ಗಿಡವನ್ನು ನಂಬಿಸುತ್ತಾರೆ. ಆ ಸಂಜೆ ಐದಕ್ಕೆ ಬಟ್ಟೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮೇಡಂ ಕೈಯಲ್ಲಿ. ನಡುವೆ ಸಿಕ್ಕಿಕೊಂಡಿತೆಂದು ಇಬ್ಬರೂ ಒಳಗೆ ಬಗ್ಗಿ ಹೋದೆವು. ಒಳಗೆ ಮುಖ ಕಾಣುವಷ್ಟು ಬೆಳಕಿರಲಿಲ್ಲ. ಅದೇ ಧೈರ್ಯದಲ್ಲಿ ಹೇಳಿಬಿಟ್ಟೆ.

"ಮೇಡಂ, ನಂಗೆ ಅಡುಗೆ ಬರಲ್ಲ. ಅವತ್ತು ಸುಳ್ಳು ಹೇಳ್ದೆ. ಗಂಡಿನ ಕಡೆಯವ್ರ ಮುಂದೆ ಅಮ್ಮ ಹೇಳ್ತಿದ್ದ ಸುಳ್ಳೇ ಬಾಯಿಗೆ ಬಂತು. ಇಲ್ಲಿ ಮಾಡ್ತಿರೋದೆಲ್ಲ ಅಜ್ಜಿ ಕಲಿಸಿದ್ದು. ಸಾರು ಮಾಡೋದು ಸತ್ಯವಾಗ್ಲೂ ಗೊತ್ತಿಲ್ಲ. ವರದೀಲಿ ಏನಾದ್ರೂ ಬರೀರಿ, ಆದ್ರೆ ಶನಿವಾರ ಮಾತ್ರ ನನ್ನ ಕಾಪಾಡಿ. ನೀವೇ ಹೇಳ್ಕೊಡಿ ಮೇಡಂ."

ಗಿಡಗಳ ಹಸಿ ವಾಸನೆ. ಹೊರಗೆ ಯಾರೋ ಹೆಂಗಸರು ನಗುತ್ತಾ ಹೋದರು.

"ನನಗೂ ಬರಂಗಿಲ್ಲವಾ" ಎಂದಿತು ಕತ್ತಲೆ.

"ಏನ್ ಮೇಡಂ?"

"ಅಡಗಿ. ಹತ್ತು ವರ್ಷದಾಕಿ ಇದ್ದಾಗ ಹಾಸ್ಟೆಲಿಗೆ ಹೋದೆ. ಆಮ್ಯಾಲ ಕಾಲೇಜು, ನೌಕರಿ. ಮನಿಯಾಗ ವೈನಿ ಮಾಡಿ ಹಾಕತಾಳ. ನೋಡಾಕ ಬಂದವರ ಮುಂದ ನಮ್ಮವ್ವನೂ ನಿಮ್ಮವ್ವನಂಗ ಹೇಳತಿದ್ಲು. ಹೆಣ್ಣಾಗಿ ಹುಟ್ಟಿ ಅಡಗಿ ಬರಂಗಿಲ್ಲ ಅಂತ ಯಾರ ಮುಂದ ಹೇಳಲಿ? ಮೂವತ್ತು ವರ್ಷ ಮುಚ್ಚಿಟ್ಟೇನಿ." ಆ ಕಡೆಯಿಂದ ಬಟ್ಟೆ ಒಮ್ಮೆ ಜಗ್ಗಿತು. "ಅದಕ್ಕ ಅಡಗಿ ಬರೋ ಹುಡುಗಿನ್ನ ಕರಕೊಂಡು ಬರಬೇಕಂತ ಮಾಡಿದೆ. ಇಲ್ಲಾಂದ್ರ ನಾಗರತ್ನ ಬರಾಕಿದ್ಲು."

ನಾನು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಕಸಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ, ನನ್ನ ಏಳು ವರ್ಷ, ನನ್ನ ಹೆಮ್ಮೆ ಎಲ್ಲ ಎಲ್ಲಿ ಹೋದವೋ. ನನ್ನನ್ನು ಆರು ಸಾವಿರ ಕಿಲೋಮೀಟರು ಹಾರಿಸಿದ್ದು ಅಮ್ಮನ ಉಪ್ಪಿಟ್ಟು. ಅನ್ನ ಸಾರು ಮಾಡಬಲ್ಲವಳು ನಿಜ ಹೇಳಿ ಚಿಕ್ಕಬಾಣಾವರದಲ್ಲಿ ಉಳಿದಿದ್ದಳು. ಅದೂ ಬಾರದ ಇಬ್ಬರು ಜಪಾನಿನಲ್ಲಿ ಕತ್ತಲೆಯಲ್ಲಿ ನಿಂತಿದ್ದೆವು. ನನಗೆ ನಾಚಿಕೆಯಾಯಿತು, ನಗುವೂ ಬಂತು. ಮೊದಲು ನಕ್ಕವರು ಮೇಡಂ. ಆಮೇಲೆ ಇಬ್ಬರೂ ಗಿಡಗಳ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಶನಿವಾರದ ಊಟ

ಕೊನೆಗೆ ಅಜ್ಜಿಯ ಕಾಲು ಹಿಡಿದೆವು. ಬೆಳಗಿನ ನಾಲ್ಕಕ್ಕೆ ಮೂವರೂ ಅಡುಗೆಮನೆಯಲ್ಲಿ ಸಾಲಾಗಿ ನಿಂತೆವು. ಅಜ್ಜಿ ಬೇಯಿಸಿದರು, ನಾನು ತುಂಬಿದೆ, ಮೇಡಂ ಬೀಸಣಿಗೆ ಹಾಕಿದರು. ಮೂವತ್ತು ಡಬ್ಬಿ. ಅದೇ ಕುಂಬಳಕಾಯಿ, ಅದೇ ಎಳ್ಳಿನ ಹುರುಳಿಕಾಯಿ. ಅನ್ನದ ಮೇಲೆ ಮಾತ್ರ ಗದಗಿನ ಶೇಂಗಾ ಚಟ್ನಿಪುಡಿ, ಹುಳಿ ಹಣ್ಣಿನ ಜಾಗದಲ್ಲಿ ಅಮ್ಮನ ನಿಂಬೆಕಾಯಿ ಉಪ್ಪಿನಕಾಯಿಯ ಚೂರು. ಇದೇ ಬೆಂಗಳೂರಿನ ಮನೆ ಊಟ ಎಂದು ಮೇಡಂ ಅಧಿಕಾರಿಯ ಗತ್ತಿನಲ್ಲಿ ಘೋಷಿಸಿದರು.

ಎಲ್ಲರೂ ಕೈಜೋಡಿಸಿ ತಿಂದರು. ಉಪ್ಪಿನಕಾಯಿ ಕಚ್ಚಿದವರ ಕಣ್ಣಲ್ಲಿ ನೀರು. ಭಾರತದ ಆತ್ಮವನ್ನು ಇಂದು ರುಚಿ ನೋಡಿದೆವು ಎಂದು ಮುಖ್ಯಸ್ಥರು ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮೋರಿ ಅಜ್ಜಿ ತಾವೇ ಬೇಯಿಸಿದ ಕುಂಬಳಕಾಯಿಯನ್ನು ನಿಧಾನವಾಗಿ ಅಗಿದು ನುಂಗಿ, ಎದ್ದು ನಿಂತು, ಇದನ್ನು ಹೇಗೆ ಮಾಡಿದಿರಿ ಎಂದು ದುಭಾಷಿಯ ಮೂಲಕ ನನ್ನನ್ನು ಕೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹದವಾಗಿ ಬೇಯಿಸಬೇಕು" ಎಂದೆ.

ಸಂಜೆ ದುಭಾಷಿ ಮನೆಗೆ ಬಂದಾಗ ಅಜ್ಜಿ ಅವನ ಮೂಲಕ ಇನ್ನೊಂದು ಮಾತು ಹೇಳಿದರು. ರೈಲ್ವೆಯಲ್ಲಿದ್ದ ಗಂಡನಿಗೆ ಮೂವತ್ತು ವರ್ಷ ದಿನಾ ಡಬ್ಬಿ ಕಟ್ಟಿದರಂತೆ. ಡಬ್ಬಿ ತೊಳೆದು ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಆದರೆ ಆತ ಅದನ್ನು ತಿನ್ನುವುದನ್ನು ಒಂದು ದಿನವೂ ಅವರು ನೋಡಿರಲಿಲ್ಲ. ತಾನು ಕಟ್ಟಿದ್ದನ್ನು ಇಷ್ಟು ಜನ ಕಣ್ಣೆದುರು ತಿಂದದ್ದು ಇವತ್ತೇ ಮೊದಲು ಎಂದರು. ಅದನ್ನು ಹೇಳಿ ಏಪ್ರನ್ ಬಿಚ್ಚಿ ಮಡಿಸಿಟ್ಟರು.

ಹೊರಟ ದಿನ ಅವರು ನಮ್ಮ ಎರಡು ಡಬ್ಬಿಗಳನ್ನೇ ತುಂಬಿ, ಗಂಟು ಹಾಕಿ, ಒಂದೊಂದನ್ನು ಒಬ್ಬೊಬ್ಬರ ಕೈಗೆ ಕೊಟ್ಟರು. ಡಬ್ಬಿ ವಾಪಸ್ಸು ಬೇಡ ಎಂದು ಕೈಯಾಡಿಸಿದರು. ರೈಲಿನಲ್ಲಿ ನಾನು ನಿದ್ದೆ ಹೋದದ್ದು ಅದನ್ನು ತಿಂದ ಮೇಲೆ.

ಮತ್ತೆ ಹೆಸರಘಟ್ಟ

ವಿಮಾನದಲ್ಲಿ ಮೇಡಂ ವರದಿಯ ಕಾಗದ ತೆಗೆದು ಪೆನ್ನು ಕಚ್ಚಿದರು. "ಏನ ಬರೀಲಿ?"

"ನಿಜ ಬರೀರಿ ಮೇಡಂ."

"ಖರೇ ಬರದ್ರ ಇಬ್ಬರ ನೌಕರೀನೂ ಹೋಗತೈತಿ" ಎಂದು ಏನೋ ಬರೆದು ಲಕೋಟೆಗೆ ಹಾಕಿದರು.

ಮೂರು ತಿಂಗಳಾದ ಮೇಲೆ ನನ್ನ ಕಾಯಂ ಆದೇಶ ಬಂತು. ಮನೆಯಲ್ಲಿ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ತೋಟದಲ್ಲಿ ಮೊದಲು ಓಡಿ ಬಂದು ಕೈ ಹಿಡಿದುಕೊಂಡವಳು ನಾಗರತ್ನ. ಅವಳು ತಾತ್ಕಾಲಿಕವಾಗಿಯೇ ಉಳಿದಿದ್ದಳು. "ನಿಮ್ಗೆ ಸಿಕ್ತಲ್ಲ ಅಕ್ಕ, ಸಂತೋಸ" ಎಂದಳು. ಅವಳ ಕೈಯಲ್ಲಿ ಮಣ್ಣು, ಉಗುರಿನೊಳಗೆ ಮಣ್ಣು. ಅಂದು ನನಗೆ ಊಟ ಸೇರಲಿಲ್ಲ.

ಮರುದಿನ ಐದಕ್ಕೆ ಎದ್ದು ಅಮ್ಮನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ, ಜಪಾನಿನ ಎರಡು ಡಬ್ಬಿಯನ್ನೂ ತುಂಬಿದೆ. ಸಿಹಿಗುಂಬಳ, ಎಳ್ಳು ಹಚ್ಚಿದ ಹುರುಳಿಕಾಯಿ, ನಡುವೆ ಉಪ್ಪಿನಕಾಯಿ. ಒಂದು ನನ್ನದು. ಇನ್ನೊಂದು ಎಂದಿನಂತೆ ಮೇಡಂಗೆ. ಊರಿಗೆ ಬಂದ ಮೇಲೂ ದಿನಾ ಮಧ್ಯಾಹ್ನ ಅವರ ಕೋಣೆಯಲ್ಲೇ ನಮ್ಮಿಬ್ಬರ ಊಟ ನಡೆದಿತ್ತು. ವೈನಿಯ ಡಬ್ಬಿ ಅವರ ಕಪಾಟಿನಲ್ಲಿ ಸಂಜೆಯ ತಿಂಡಿಗೆ ಕಾಯುತ್ತಿತ್ತು.

ಆ ದಿನ ನಾನು ಅವರ ಕೋಣೆಗೆ ಹೋಗಲಿಲ್ಲ. ಸಸಿಗಳ ಚಪ್ಪರದ ಕೆಳಗೆ ನಾಗರತ್ನಳ ಪಕ್ಕ ಕೂತು ಒಂದು ಗಂಟು ಅವಳ ಕೈಗಿಟ್ಟೆ. ಅವಳು ಮುಚ್ಚಳ ತೆಗೆದು, "ಬೊಂಬೆ ಅಬ್ಬದಂಗೆ ಜೋಡ್ಸಿದೀರ" ಎಂದು ನಕ್ಕು ತಿನ್ನತೊಡಗಿದಳು. ಅವಳು ತಿನ್ನುತ್ತಿರುವಾಗ ಎಲ್ಲ ಹೇಳಿದೆ. ಆಯ್ಕೆ ನಡೆದದ್ದು ಯಾವ ಪ್ರಶ್ನೆಯ ಮೇಲೆ, ನಾನು ಏನು ಹೇಳಿದೆ, ಅವಳ ಹೆಸರು ಎಲ್ಲಿ ಬಿಟ್ಟುಹೋಯಿತು. ಮೇಡಂ ಗುಟ್ಟನ್ನು ಮಾತ್ರ ಹೇಳಲಿಲ್ಲ. ನನ್ನದನ್ನು ಪೂರ್ತಿ ಹೇಳಿದೆ.

ಅವಳ ಕೈ ನಿಂತಿತು. ಚಪ್ಪರದ ಆಚೆ ಹುಲ್ಲುಗಾವಲಿನ ಕಡೆ ನೋಡಿದಳು.

"ಅಂಗಾದ್ರೆ ನಾನೂ ಎಲ್ಲಾ ಬರ್ತದೆ ಅಂದಿದ್ರೆ ಓಗ್ತಿದ್ದೆ?"

"ಹೂಂ. ನೀನೇ ಹೋಗ್ಬೇಕಿತ್ತು."

ಅವಳು ಉಳಿದದ್ದನ್ನು ತಿಂದಳು. ಒಂದು ಅಗುಳೂ ಬಿಡಲಿಲ್ಲ. ನಲ್ಲಿಯಲ್ಲಿ ಡಬ್ಬಿ ತೊಳೆದು, ಸೆರಗಿನಲ್ಲಿ ಒರೆಸಿ, ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು.

"ಉಪ್ಪು ಕಮ್ಮಿ ಆಗದೆ ಅಕ್ಕ" ಎಂದು ಸಸಿಗಳ ಕಡೆ ಹೋದಳು.

ಮೇಡಂ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಗಂಟೆ ಒಂದೂವರೆ ದಾಟಿತ್ತು.

"ನನ್ನ ಬುತ್ತಿ ಎಲ್ಲೈತಿ?"

"ನಾಗರತ್ನಂಗೆ ಕೊಟ್ಟೆ ಮೇಡಂ."

ಅವರು ಖಾಲಿ ಡಬ್ಬಿ ನೋಡಿದರು. ಚಪ್ಪರದ ಕೆಳಗೆ ಬಗ್ಗಿ ಕೂತಿದ್ದ ನಾಗರತ್ನಳ ಬೆನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಛಲೋ ಆತು. ಅದು ಆಕೀದ ಇತ್ತು."

ಒಳಗೆ ಹೋಗಿ ಕಪಾಟು ತೆಗೆದು ವೈನಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ನನ್ನನ್ನು ಕೂರಲು ಹೇಳಿ, ಒಂದು ರೊಟ್ಟಿಯನ್ನು ಎರಡಾಗಿ ಮುರಿದರು.